ಗವಸು ರಾಯರು

ಹೊಸ ಸಾಮಾನಿನ ಪ್ಲಾಸ್ಟಿಕ್ಕನ್ನು ಅಂದೇ ಕಿತ್ತು ಬಿಸಾಡುವವರು, ಅದನ್ನು ಜನ್ಮೇಪಿ ಕೀಳದವರು ಎಂದು ನಮ್ಮ ಬಡಾವಣೆಯಲ್ಲಿ ಎರಡು ಪಂಗಡ. ಎರಡನೆಯ ಪಂಗಡಕ್ಕೊಂದು ಮಠವಿದ್ದಿದ್ದರೆ ನಮ್ಮ ರಾಯರೇ ಪೀಠಾಧಿಪತಿಗಳು. ಅವರ ಮನೆಯ ಟೀವಿ ರಿಮೋಟು ಪಾಲಿಥೀನ್ ಚೀಲದೊಳಗೆ ವಾಸವಾಗಿದೆ. ಒಳಗೆ ಅಂಕಿಗಳು ಒಂದಿಷ್ಟೂ ಮಾಸಿಲ್ಲವಂತೆ. ಚೀಲ ಮಬ್ಬಾಗಿರುವುದರಿಂದ ಯಾರೂ ನೋಡಿಲ್ಲ, ಅಷ್ಟೇ. ಸೋಫಾಕ್ಕೆ ಹೊದಿಕೆ, ಹೊದಿಕೆ ಕೊಳೆಯಾಗದಿರಲೆಂದು ಟವೆಲು, ನೆಂಟರು ಬಂದ ದಿನ ಟವೆಲಿನ ಮೇಲೊಂದು ಹಳೆಯ ಪಂಚೆ. ಮೊಬೈಲಿಗೆ ಗಾಜು, ಗಾಜಿಗೆ ಪೌಚು, ಪೌಚಿಗೆ ಅವರ ಮನೆಯವರು ಖಣದಲ್ಲಿ ಹೊಲಿದುಕೊಟ್ಟ ಚೀಲ. ಫೋನು ಬಡಿದುಕೊಂಡಾಗ ಇವನ್ನೆಲ್ಲ ಬಿಚ್ಚುವಷ್ಟರಲ್ಲಿ ಅತ್ತ ಕಡೆಯವರು ಸಾಕಾಗಿ ಇಟ್ಟಿರುತ್ತಾರೆ. "ಅರ್ಜೆಂಟಿದ್ರೆ ಮತ್ತೆ ಮಾಡ್ತಾರೆ ಬಿಡಿ" ಎಂದು ರಾಯರು ಅದೇ ಕ್ರಮದಲ್ಲಿ ಮತ್ತೆ ಎಲ್ಲವನ್ನೂ ತೊಡಿಸುತ್ತಾರೆ.

ಕೌಂಟರಿನ ಪೆನ್ನಿಗೆ ದಾರ ಕಟ್ಟುವ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಇಂಥವರಿಗೆ ನಿವೃತ್ತಿಯ ಮರುವರ್ಷ ವೀಣೆ ಕಲಿಯುವ ಮನಸ್ಸಾಯಿತು.

ವೀಣೆ ಅಂದ ಮೇಲೆ ಮೈಸೂರಿನದೇ ಆಗಬೇಕು. ಶೇಷಣ್ಣನವರು, ಸುಬ್ಬಣ್ಣನವರು, ಆಮೇಲೆ ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸಿದ ಊರು ಅದು. ರಾಯರು ಹೋದರು. ಅಂಗಡಿಯ ಗೋಡೆಯಲ್ಲಿ ದರ್ಬಾರು ಉಡುಪಿನ ವಿದ್ವಾಂಸರೊಬ್ಬರು ವೀಣೆ ಹಿಡಿದು ಕೂತ ಹಳೆಯ ಫೋಟೋ ಇತ್ತು. ಎಲ್ಲರೂ ಕೈಮುಗಿಯುವ ಫೋಟೋ. ರಾಯರು ಹತ್ತಿರ ಹೋಗಿ ಕನ್ನಡಕ ಏರಿಸಿ, "ಕೋಟಿನ ಗುಂಡಿ ಲೋಹದ್ದಲ್ವೇ? ವೀಣೆ ಗತಿ ಏನಾಗಿರಬೇಡ!" ಎಂದು ನಿಟ್ಟುಸಿರುಬಿಟ್ಟರು.

ಅವರು ಆರಿಸಿದ ವೀಣೆ ಸುಮಾರು 4 ಅಡಿ ಉದ್ದದ್ದು. ಹಲಸಿನ ಮರದ ಕೊಡ, ದಂಡಿಯ ತುದಿಯಲ್ಲಿ ಹಲ್ಲು ಕಿರಿದ ಯಾಳಿ, ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ನುಡಿಸುವ 4 ತಂತಿ, ಪಕ್ಕದಲ್ಲಿ ತಾಳಕ್ಕೆ 3. ಕೊಡದ ಅಂಚಿನ ಬಿಳಿ ಪಟ್ಟಿಯನ್ನು ತೋರಿಸಿ ಅಂಗಡಿಯವರು, "ಹಿಂದೆ ಇಲ್ಲಿ ದಂತ ಕೂರಿಸ್ತಿದ್ದರು ಸಾರ್, ಈಗ ಅದು ನಿಷೇಧ. ಪ್ಲಾಸ್ಟಿಕ್ ಹಾಕ್ತೀವಿ" ಎಂದು ಸ್ವಲ್ಪ ಸಂಕೋಚದಿಂದ ಹೇಳಿದರು. ರಾಯರ ಮುಖ ಅರಳಿತು. "ಇಡೀ ವೀಣೆಗೇ ಹಾಕಬಹುದಿತ್ತಲ್ಲ?"

ಕಟ್ಟಿಕೊಡುವಾಗ ಕುಶಲಕರ್ಮಿ, "ದಿನಾ ನುಡಿಸ್ತಾ ಇರಿ ಸ್ವಾಮಿ, ನುಡಿಸಿದಷ್ಟೂ ನಾದ ಬಿಡ್ತಾ ಹೋಗುತ್ತೆ" ಎಂದ. ರಾಯರಿಗೆ ಅದು ಕೇಳಿಸಲಿಲ್ಲ. ಕೊಡದ ಪಾಲಿಶಿನಲ್ಲಿ ತಮ್ಮ ಮೀಸೆ ಎಷ್ಟು ಚೊಕ್ಕವಾಗಿ ಕಾಣುತ್ತಿದೆ ಎಂದು ನೋಡಿಕೊಳ್ಳುತ್ತಿದ್ದರು.

ವೀಣೆಗೆ ಗೀರು ಬೀಳುವುದು ಎಲ್ಲೆಲ್ಲಿ ಎಂಬ ವಿಷಯದಲ್ಲಿ ಅಂದಿನಿಂದ ನಮ್ಮ ಪೇಟೆಗೆಲ್ಲ ರಾಯರೇ ಪ್ರಮಾಣ. ಕೊಡದ ಅಂಚಿನ ಮೇಲೆ ಬಲಗೈ ಒರಗುತ್ತದಲ್ಲ, ಅಲ್ಲಿ ಗಡಿಯಾರದ ಪಟ್ಟಿ, ಬಳೆ, ಬೆವರು. ತಾಳದ ತಂತಿಯನ್ನು ಕಿರುಬೆರಳಿನಿಂದ ಮೀಟುವ ಕಡೆ ಉಗುರು. ಎಡದೊಡೆಯ ಮೇಲೆ ಕೂರುವ ಬುರುಡೆಗೆ ಪ್ಯಾಂಟಿನ ಜಿಪ್ಪು. ಕೊಡದ ಹೊಟ್ಟೆಗೆ ನೆಲದ ಮರಳು. ಗೋಡೆಗೊರಗಿಸಿದರೆ ಯಾಳಿಯ ಮೂಗು. ಒಂದೊಂದಕ್ಕೂ ಒಂದೊಂದು ಪರಿಹಾರ. ಬಲಗೈಗೆ ಮೊಣಕೈಯವರೆಗೆ ಪಾದ ಕತ್ತರಿಸಿದ ಹಳೆಯ ಕಾಲುಚೀಲ. ಪ್ಯಾಂಟು ನಿಷಿದ್ಧ, ಪಂಚೆಯೇ ಸೈ. ಅದಕ್ಕೂ ಜರಿಯಂಚು ಇರಕೂಡದು. ನೆಲಕ್ಕೆ ಚಾಪೆ, ಚಾಪೆಗೆ ಜಮಖಾನ, ಅದರ ಮೇಲೆ ಮೊಮ್ಮಗುವಿನ ಬಾಣಂತನದ ಕಾಲದ ರಬ್ಬರ್ ಶೀಟು. ಯಾಳಿಗೆ ಊಟಿಯಿಂದ ತಂದ ಮಂಕಿ ಕ್ಯಾಪು. ಉಣ್ಣೆಯ ಟೊಪ್ಪಿಗೆಯಿಂದ ಹಲ್ಲು ಮತ್ತು ಎರಡು ಕಣ್ಣು ಮಾತ್ರ ಹೊರಗೆ ಹಾಕಿ ಕೂತ ಆ ಯಾಳಿ, ಧನುರ್ಮಾಸದ ಚಳಿಯಲ್ಲಿ ವಾಕಿಂಗಿಗೆ ಹೊರಟ ರಾಯರ ಹಾಗೆಯೇ ಕಾಣುತ್ತದೆ.

ಉಳಿದದ್ದು ಉಂಗುರ. ಅದು ಜೋಯಿಸರು ಹೇಳಿ ಹಾಕಿಸಿದ ಪುಷ್ಯರಾಗ. ತೆಗೆದರೆ ಗುರು ಮುನಿಯುತ್ತಾನೆ, ತೆಗೆಯದಿದ್ದರೆ ಪಾಲಿಶ್ ಹೋಗುತ್ತದೆ. ರಾಯರು ಬಹಳ ಯೋಚಿಸಿ ಉಂಗುರವನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅದು ಎದೆಯಿಂದ ಜೋತುಬಿದ್ದು ದಂಡಿಯ ಮೇಲೆ ಟಕ್ಕೆಂದಿತು. ಅಡಿಗೆಮನೆಯಿಂದ ಅವರ ಮನೆಯವರು, "ರೀ, ಅದನ್ನ ದೇವರ ಮುಂದಿಡಿ. ಗುರುವಿಗೂ ಸ್ವಲ್ಪ ಸಂಗೀತ ತಪ್ಪಲಿ" ಎಂದರು.

ಪಾಠದ ಮನೆಯಲ್ಲಿ ರಾಯರ ಪಕ್ಕದಲ್ಲೇ ಕೂರುವ ಭಾಗ್ಯ ನನ್ನದು. ಗವಸು ಬಿಚ್ಚುವುದೇ ಒಂದು ವಿಧಿ. ಮೊದಲು ಹೊರಗಿನ ರೆಕ್ಸಿನ್ನು, ಒಳಗೆ ದಪ್ಪ ಹತ್ತಿ ತುಂಬಿದ ಗವಸು, ಅದರೊಳಗೆ ಮದುವೆಯ ರೇಷ್ಮೆ ಶಲ್ಯ, ಅದರೊಳಗೆ ಫ್ಲಾನೆಲ್ಲು. ಫ್ಲಾನೆಲ್ಲನ್ನು ಎರಡು ಕೈಯಲ್ಲೂ ಎತ್ತಿ, ಉಸಿರು ಬಿಗಿಹಿಡಿದು, ಕಿಟಕಿಯ ಬೆಳಕಿಗೆ ಕೊಡವನ್ನು ಓರೆಯಾಗಿ ತಿರುಗಿಸಿ ನೋಡುತ್ತಾರೆ. ಗೀರಿಲ್ಲ ಎಂದು ಖಾತ್ರಿಯಾದ ಮೇಲೆ ಉಸಿರು. ಅಷ್ಟರಲ್ಲಿ ನಾವು ಸರಳೆ, ಜಂಟಿ ಮುಗಿಸಿ ಗೀತೆಗೆ ಬಂದಿರುತ್ತೇವೆ. ಮತ್ತೆ ಎಲ್ಲ ಕಟ್ಟಬೇಕಲ್ಲ, ಅದಕ್ಕೆ ಪಾಠ ಮುಗಿಯುವ ಮೊದಲೇ ಅವರು ಎದ್ದಿರುತ್ತಾರೆ. ಈ ಎರಡರ ನಡುವೆ ಸಿಕ್ಕ ಹೊತ್ತಿನಲ್ಲಿ ರಾಯರು ವೀಣೆ ಕಲಿಯುತ್ತಾರೆ.

ಕಲಿಯುವ ಬಗೆಯೂ ವಿಶೇಷ. ಬೆರಳು ಸರಾಗ ಜಾರಲೆಂದು ಎಲ್ಲರೂ ಎಡಗೈ ಬೆರಳಿಗೆ ಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ರಾಯರಿಗೆ ಎಣ್ಣೆ ವರ್ಜ್ಯ, ಕಲೆಯಾಗುತ್ತದೆ. ತಂತಿ ಕೊರೆದು ಬೆರಳು ಕೆಂಪಾದಾಗ ನಾನು ಕನಿಕರಿಸಿದೆ. "ಚರ್ಮ ತಾನಾಗೇ ಬರುತ್ತೆ ಸ್ವಾಮಿ, ಪಾಲಿಶ್ ತಾನಾಗೇ ಬರುತ್ತಾ?" ಎಂದರು. ತಂತಿಯನ್ನು ಎಳೆದು ಗಮಕ ಕೊಟ್ಟರೆ ಮೆಟ್ಟಿಲಿನ ಮೇಲೆ ಕ್ರಮೇಣ ತಗ್ಗು ಬೀಳುತ್ತದೆ ಎಂದು ಎಲ್ಲಿಂದಲೋ ತಿಳಿದುಕೊಂಡಿದ್ದಾರೆ. ಮಾತು ನಿಜವೇ, ಹೆಚ್ಚು ನುಡಿಸಿದ ವೀಣೆಯ ಮೆಟ್ಟಿಲಲ್ಲಿ ತಂತಿ ಓಡಾಡಿದ ಜಾಡು ಬೀಳುತ್ತದೆ, ಉಜ್ಜಿಸಿ ಸರಿಮಾಡಿಸುತ್ತಾರೆ. ರಾಯರು ಮುಂಜಾಗ್ರತೆಯಾಗಿ ಗಮಕವನ್ನೇ ಬಿಟ್ಟಿದ್ದಾರೆ. ತೋಡಿಯ ಗಾಂಧಾರ ಅಲುಗದೆ ನಿಂತರೆ ಅದು ತೋಡಿಯೇ ಅಲ್ಲ. ರಾಯರ ಕೈಯಲ್ಲಿ ಅದು ಅಟೆನ್ಷನ್ನಿನಲ್ಲಿ ನಿಲ್ಲುತ್ತದೆ. ಟೀಚರು ಒಂದು ದಿನ ಕಣ್ಣುಮುಚ್ಚಿ ಪೂರ್ತಿ ಕೇಳಿ, "ರಾಯರೇ, ವೀಣೆಗೇನೂ ಆಗಿಲ್ಲ. ಗೀರು ಬಿದ್ದಿರೋದು ರಾಗಕ್ಕೆ" ಎಂದರು. ಮೊದಲ ವಾಕ್ಯ ಕೇಳಿ ರಾಯರು ಸಂತೋಷಪಟ್ಟರು.

ಟೀಚರ ವೀಣೆ ಅವರ ಅಜ್ಜಿಯ ಕಾಲದ್ದು. ಬಲಗೈ ಒರಗುವ ಕಡೆ ಪಾಲಿಶ್ ಪೂರ್ತಿ ಹೋಗಿ ಒಳಗಿನ ಹಲಸು ಅಂಗೈಯಗಲ ಹೊರಗೆ ಬಂದಿದೆ. ಅವರು ನುಡಿಸಿದಾಗ ನಾವೆಲ್ಲ ತಲೆದೂಗುತ್ತೇವೆ. ರಾಯರ ಕಣ್ಣು ಆ ಅಂಗೈಯಗಲದ ಮೇಲೆಯೇ. "ಪಾಪ, ಆ ಕಾಲದಲ್ಲಿ ಹೇಳುವವರು ಯಾರೂ ಇರಲಿಲ್ಲ ಅನ್ಸುತ್ತೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ರಾಯರಿಗೆ ವರ್ಷದಲ್ಲಿ ಅಚ್ಚುಮೆಚ್ಚಿನ ದಿನಗಳೆಂದರೆ ನವರಾತ್ರಿಯ ಸರಸ್ವತಿ ಪೂಜೆಯವು. ಪೂಜೆಗಿಟ್ಟ ಪುಸ್ತಕ ಓದಬಾರದು, ವಾದ್ಯ ನುಡಿಸಬಾರದು. ಶಾಸ್ತ್ರವೇ ತಮ್ಮ ಪಕ್ಷಕ್ಕೆ ಬಂದಂತಾಗಿ ರಾಯರು ಹುರುಪಾಗುತ್ತಾರೆ. ಅರಿಶಿನ, ಕುಂಕುಮ, ಹಸಿ ಹೂವು ವೀಣೆಗೆ ತಾಕುವುದೊಂದು ತಾಪತ್ರಯ. ಅದಕ್ಕೆ ವೀಣೆಯನ್ನು ಒಳಗೆ ಬಿಟ್ಟು ಗವಸಿಗೇ ಪೂಜೆ. ಪುರೋಹಿತರು ತಕರಾರು ತೆಗೆದಾಗ, "ಕವರಿನ ಮೇಲೆ ಸ್ಟಾಂಪ್ ಹಚ್ಚಿದ್ರೆ ಒಳಗಿನ ಕಾಗದಕ್ಕೆ ತಲುಪೋದಿಲ್ವೇ?" ಎಂದು ಬಾಯಿ ಮುಚ್ಚಿಸಿದರು.

ಮಗ ಐಟಿಯವನು, ಅವನದು ಗಿಟಾರು. ಅದರಲ್ಲಿ ಪಿಕ್ ತಾಕುವ ಕಡೆಗೇ ಸರಿಯಾಗಿ ಒಂದು ತೆಳು ಹಾಳೆ ಅಂಟಿಸಿರುತ್ತಾರೆ, ಪಿಕ್‌ಗಾರ್ಡ್ ಎಂದು. ಸ್ಪೇನಿನ ಫ್ಲಮೆಂಕೋದವರು ಬೆರಳಲ್ಲಿ ಹಲಗೆಯನ್ನು ಕುಟ್ಟುತ್ತಲೇ ನುಡಿಸುವುದರಿಂದ ಅವರ ಗಿಟಾರಿಗೆ ಗೋಲ್ಪೆಯದೋರ್ ಎಂಬ ಪಾರದರ್ಶಕ ರಕ್ಷಾಕವಚವಿದೆ. ಇದನ್ನು ಕೇಳಿ ರಾಯರು ಪುಳಕಿತರಾದರು. "ನೋಡಿ, ಅದು ನಾಗರಿಕತೆ!" ಮಗ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಮೆರಿಕದ ವಿಲ್ಲಿ ನೆಲ್ಸನ್ ಕಥೆಗೆ ಕೈಹಾಕಿದ. ಆ ಹಾಡುಗಾರ 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರು ಬೆರಳಿನಿಂದ ನುಡಿಸಲೆಂದು ಮಾಡಿದ್ದು, ಪಿಕ್‌ಗಾರ್ಡ್ ಇಲ್ಲ. ಆತ ಪಿಕ್ಕಿನಲ್ಲೇ ನುಡಿಸಿ ನುಡಿಸಿ ಹಲಗೆ ಸವೆದು ಪಕ್ಕದಲ್ಲಿ ಇನ್ನೊಂದು ತೂತೇ ಬಿದ್ದಿದೆ. ಟ್ರಿಗರ್ ಎಂದು ಅದಕ್ಕೆ ಹೆಸರು. ಸ್ನೇಹಿತರೆಲ್ಲ ಅದರ ಮೇಲೆ ಸಹಿ ಬೇರೆ ಹಾಕಿದ್ದಾರೆ.

"ಸಹೀನಾ? ಏನದು, ಚೆಕ್ಕಾ?" ಎಂದರು ರಾಯರು.

"ಅಷ್ಟೇ ಅಲ್ಲಪ್ಪ, ಫೆಂಡರ್ ಕಂಪನಿಯೋರು 1990ರ ದಶಕದಿಂದ ಹೊಸ ಗಿಟಾರಿಗೆ ಬೇಕೂಂತಲೇ ಗೀರು ಹಾಕಿ, ಬಣ್ಣ ಕೆರೆದು, ರೆಲಿಕ್ ಅಂತ ಜಾಸ್ತಿ ದುಡ್ಡಿಗೆ ಮಾರ್ತಾರೆ."

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಕ್ಕದ ಮನೆ ಹುಡುಗನ್ನ ಅಲ್ಲಿಗೆ ಕಳಿಸು. ನಮ್ಮ ಕಾರು ತೋರಿಸಿದ್ರೆ ಇಂಟರ್ವ್ಯೂನೇ ಬೇಡ" ಎಂದು ಎದ್ದುಹೋದರು.

ಮೊನ್ನೆ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನಕ್ಕೆ ಕಚೇರಿ ಕೇಳಲು ಜೊತೆಯಾಗಿ ಹೋಗಿದ್ದೆವು. ತಿರುಮಕೂಡಲು ಚೌಡಯ್ಯನವರ ನೆನಪಿಗೆ ಕಟ್ಟಡವನ್ನೇ ಏಳು ತಂತಿಯ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಸಣ್ಣಗೆ ಮಳೆ ಹನಿಯುತ್ತಿತ್ತು. ರಾಯರು ಛತ್ರಿಯ ಕೆಳಗೆ ನಿಂತು ತಲೆಯೆತ್ತಿ ನೋಡಿ, "1980ರಿಂದ ಹೀಗೇ ನೆನೀತಿದೆಯೇ?" ಎಂದು ಕೇಳಿದರು. ಒಳಗೆ ಹೋದ ಮೇಲೂ ಅವರ ಮನಸ್ಸು ಕಚೇರಿಯಲ್ಲಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ರಾಯರ ವೀಣೆಗೆ ಪೆಟ್ಟಾಗಿದೆ, ಅದೂ ರಕ್ಷಣೆಯಿಂದಲೇ. ಒಮ್ಮೆ ನಾಲ್ಕೂ ಗವಸಿನ ಮೇಲೆ ಕಂಬಳಿ ಸುತ್ತಿ ಕಾರಿನಲ್ಲಿಟ್ಟು, ಏಪ್ರಿಲ್ ಬಿಸಿಲಲ್ಲಿ ಮದುವೆಯೂಟಕ್ಕೆ ಹೋಗಿದ್ದರು. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಕೂರಿಸಿದ ಮೆಟ್ಟಿಲುಗಳು. ಬಿಸಿಗೆ ಮೇಣ ಮೆತ್ತಗಾಗಿ ಜರುಗಿದವು. ಗಾಂಧಾರದಲ್ಲಿ ಬೆರಳಿಟ್ಟರೆ ಮಧ್ಯಮ ಓಗೊಡುತ್ತಿತ್ತು. ಮೇಳ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಬೇಕಾಯಿತು. ಇನ್ನೊಮ್ಮೆ ಕೊರೋನಾ ಕಾಲದಲ್ಲಿ ನೆಂಟರ ಮಗುವೊಂದು ಕೊಡವನ್ನು ಮುಟ್ಟಿತೆಂದು ಸ್ಯಾನಿಟೈಸರ್ ಸುರಿದು ಒರೆಸಿದರು. ಮಗು ಮುಟ್ಟಿದ ಗುರುತೂ ಹೋಯಿತು, ಪಾಲಿಶೂ ಬಟ್ಟೆಗೆ ಬಂತು. ರಿಪೇರಿಯವನು ಅಂಟಂಟಾದ ಜಾಗವನ್ನು ಹೆಬ್ಬೆರಳಲ್ಲಿ ಸವರಿ, "ಅರಗನ್ನ ಸ್ಪಿರಿಟ್ಟಲ್ಲೇ ಕರಗಿಸಿ ಹಚ್ಚೋದು ಸ್ವಾಮಿ. ಮತ್ತೆ ಸ್ಪಿರಿಟ್ ಸುರಿದ್ರೆ ಅದು ಬಿಟ್ಟುಕೊಡದೆ ಇರುತ್ತಾ? ಮಗು ಗೀಚಿದ್ರೂ ಇಷ್ಟು ಹೋಗ್ತಿರಲಿಲ್ಲ" ಎಂದ. ಹೊಸ ಪಾಲಿಶ್ ಆಯಿತು. ರಾಯರು ಪಾಠ ಕಲಿತರು; ಗವಸುಗಳು ಈಗ ಐದು.

ಆದರೂ ರಾಯರನ್ನು ಕಂಡು ನಗುವ ನಾವ್ಯಾರೂ ಅವರನ್ನು ಬಿಟ್ಟುಕೊಡುವುದಿಲ್ಲ. ಕಾರಣ ಸ್ವಾರ್ಥ. ಇಂಥವರು ಕೊಂಡ ಕಾರು, ಇಂಥವರು ಓಡಿಸಿದ ಸ್ಕೂಟರು ಯಾವತ್ತು ಮಾರಾಟಕ್ಕೆ ಬಂದೀತೆಂದು ಬಡಾವಣೆಯೆಲ್ಲ ಕಾದಿರುತ್ತದೆ. ಮಾಲು ಹೊಸದು, ಬೆಲೆ ಹಳೆಯದು. ಆ ವೀಣೆಯ ಮೇಲೂ ಎಷ್ಟೋ ಜನರ ಕಣ್ಣಿದೆ. ಟೀಚರೇ ಒಬ್ಬ ಹುಡುಗಿಗೆ, "ಹೊಸದು ತಗೋಬೇಡ, ರಾಯರು ಬೇಸರಪಟ್ಟುಕೊಳ್ಳೋವರೆಗೆ ಕಾಯಿ" ಎಂದದ್ದನ್ನು ನಾನೇ ಕೇಳಿದ್ದೇನೆ. ತಡಮಾಡಿದರೆ ಕೈತಪ್ಪೀತೆಂದು ನಾನು ಕಳೆದ ವಾರ ನೇರವಾಗಿ ವಿಷಯ ತೆಗೆದೆ. ರಾಯರಿಗೆ ಕೋಪ ಬರಲಿಲ್ಲ. ನನ್ನ ಗಡಿಯಾರ ನೋಡಿದರು, ಅಂಗಿಯ ಗುಂಡಿ ನೋಡಿದರು, ಕೈ ಹಿಡಿದು ಉಗುರು ತಿರುಗಿಸಿ ನೋಡಿದರು.

"ಕೊಡೋಣ ಸ್ವಾಮಿ, ನೀವೇನು ಬೇರೆಯವರೇ?" ಎಂದರು. ಆಮೇಲೆ ದನಿ ತಗ್ಗಿಸಿ ಅನುಮಾನದಿಂದ ಕೇಳಿದರು: "ಆದ್ರೆ ನೀವು ನುಡಿಸ್ತೀರಲ್ಲವೇ?"