ಇಂಗ್ಲಿಷ್ ಐಟಂ ಮೇಷ್ಟ್ರು

ಹಳ್ಳಿಯ ಕನ್ನಡ ಶಾಲೆ ಎಂದ ಮೇಲೆ ಅಲ್ಲಿ ಇವರೊಬ್ಬರು ಇರಲೇಬೇಕು. ಹಾಜರಿ ಪುಸ್ತಕದಲ್ಲಿ ಇವರು ಸಮಾಜದ ಮೇಷ್ಟ್ರೋ ವಿಜ್ಞಾನದ ಮೇಷ್ಟ್ರೋ ಆಗಿರಬಹುದು. ಪ್ರತಿಭಾ ಕಾರಂಜಿಯ ಸುತ್ತೋಲೆ ಬಂದ ದಿನದಿಂದ ಮಾತ್ರ ಇಡೀ ಶಾಲೆಗೆ ಇವರು ‘ಇಂಗ್ಲಿಷ್ ಐಟಂ’ ಮೇಷ್ಟ್ರು. ಕನ್ನಡ ಕಂಠಪಾಠ, ಹಿಂದಿ ಕಂಠಪಾಠ, ಸಂಸ್ಕೃತ ಪಠಣ, ಛದ್ಮವೇಷ ಎಲ್ಲಕ್ಕೂ ಯಾರೋ ಒಬ್ಬರು ಒಪ್ಪಿಕೊಳ್ಳುತ್ತಾರೆ. ಹೆಡ್‌ಮೇಷ್ಟ್ರು ‘ಇಂಗ್ಲಿಷ್ ಕಂಠಪಾಠ’ ಎಂದು ಓದಿದೊಡನೆ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಕಾಫಿ ಲೋಟದ ತಳ ನೋಡತೊಡಗುತ್ತಾರೆ. ತಲೆ ಎತ್ತಿ ಕೂತವರು ಇವರೊಬ್ಬರೇ. ಅಲ್ಲಿಗೆ ಆಯ್ಕೆ ಮುಗಿಯಿತು.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂದದ್ದು 2007ರಲ್ಲಿ. ನಮ್ಮ ಮೇಷ್ಟ್ರು ಅದಕ್ಕೂ ಹಿಂದಿನವರು, ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಂಡವರು. ತಡವಾಗಿ ಸಿಕ್ಕಿದ್ದರಿಂದಲೋ ಏನೋ ಆ ಭಾಷೆಯ ಮೇಲೆ ಅವರಿಗೆ ವಿಪರೀತ ಪ್ರೀತಿ. ಪದ್ಯವನ್ನಂತೂ ಅವರು ಬದಲಾಯಿಸುವುದಿಲ್ಲ. ಮಕ್ಕಳು ಪಾಸಾಗಿ ಹೋಗುತ್ತಾರೆ, ಹೆಡ್‌ಮೇಷ್ಟ್ರು ವರ್ಗವಾಗುತ್ತಾರೆ, ವರ್ಡ್ಸ್‌ವರ್ತ್ ಕವಿಯ ‘ಡ್ಯಾಫೊಡಿಲ್ಸ್’ ಮಾತ್ರ ಕದಲುವುದಿಲ್ಲ.

ಹುಡುಗನ ಆಯ್ಕೆಯಲ್ಲಿ ಅವರದೇ ಒಂದು ಶಾಸ್ತ್ರವಿದೆ. ಇಂಗ್ಲಿಷಿನಲ್ಲಿ ಹೆಚ್ಚು ನಂಬರು ತೆಗೆಯುವ ಹುಡುಗಿ ಅವರಿಗೆ ಬೇಡ, ಅವಳದು ಪಿಸುಮಾತು. ಸಂತೆಯಲ್ಲಿ ಅಪ್ಪನ ಪಕ್ಕ ನಿಂತು ಟೊಮೇಟೊ ಕೂಗುವ ಹುಡುಗ ಬೇಕು. ಅವನಿಗೆ ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು, ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಬೇವಿನ ಮರದ ಕೆಳಗೆ ತಾಲೀಮು ಶುರು.

“ಸಾ, ಡ್ಯಾಫೊಡಿಲ್ ಅಂದ್ರೆ ಏನ್ ಸಾ?”

“ಹೂವು ಕಣೋ. ಹಳದಿ ಹೂವು.”

“ಹುಚ್ಚೆಳ್ಳು ಹೂವಾ ಸಾ?”

ಮೇಷ್ಟ್ರು ಒಂದು ಗಳಿಗೆ ಯೋಚಿಸಿ, “ಹಂಗೇ ಅಂದ್ಕೊ. ಇಂಗ್ಲೆಂಡಿನ ಅಲ್ಸ್‌ವಾಟರ್ ಅನ್ನೋ ಕೆರೆ ಪಕ್ಕ ಕವಿ ಅದನ್ನ 1802ರಲ್ಲಿ ನೋಡಿದ. ಪದ್ಯ ಅಚ್ಚಾಗಿದ್ದು 1807ರಲ್ಲಿ” ಎಂದರು.

“ಅವನಿಗೆ ಐದು ವರ್ಷ, ನಂಗೆ ಮಾತ್ರ ಸೋಮವಾರದೊಳಗೆ ಬಾಯಿಪಾಠ ಆಗ್ಬೇಕಾ ಸಾ?”

ಇಂಥ ಪ್ರಶ್ನೆಗೆ ಮೇಷ್ಟ್ರ ಉತ್ತರ ಒಂದೇ: “ಆಕ್ಷನ್ ಮಾಡೋ!” ಇಂಗ್ಲಿಷ್ ಪದ್ಯ ಕೇಳುವುದಕ್ಕಲ್ಲ, ನೋಡುವುದಕ್ಕೆ ಎನ್ನುವುದು ಅವರ ದೃಢ ನಂಬಿಕೆ. ಮೋಡಕ್ಕೆ ತಲೆಯ ಮೇಲೆ ಕೈ, ಕೆರೆಗೆ ಅಂಗೈ ಅಲೆ, ಹೃದಯಕ್ಕೆ ಎದೆಯ ಮೇಲೆ ಕೈ. “ಬಲಕ್ಕಲ್ವೋ, ಎಡಕ್ಕೆ!” ಹೂವಿನ ಆಕ್ಷನ್ ಮಾತ್ರ ಹುಡುಗನ ಸ್ವಂತದ್ದು. ಅವರ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿನ ಹುಚ್ಚೆಳ್ಳು ಆಗ ತಾನೇ ಹೂ ಬಿಟ್ಟಿತ್ತು. ಅವನು ಸೊಂಟದೆತ್ತರಕ್ಕೆ ಕೈ ಹಿಡಿದು ಸಾಲುಸಾಲಾಗಿ ತೋರಿಸುತ್ತಿದ್ದ. ಮೇಷ್ಟ್ರು ಅದನ್ನು ತಿದ್ದಲಿಲ್ಲ. ಡ್ಯಾಫೊಡಿಲ್ಲನ್ನು ಅವರೂ ಕಂಡವರಲ್ಲವಲ್ಲ.

ಕನ್ನಡ ಪಂಡಿತರಿಗೆ ಇದೆಲ್ಲ ಸರಿಬರುವುದಿಲ್ಲ. “ಬಿ.ಎಂ.ಶ್ರೀ. 1926ರಲ್ಲೇ ‘ಇಂಗ್ಲಿಷ್ ಗೀತಗಳು’ ಕೊಟ್ಟಿದ್ದಾರೆ. ಅದರಲ್ಲೊಂದು ಹೇಳಿಸಬಾರದೇನ್ರೀ?”

“ಅದು ಕನ್ನಡ ಐಟಂ ಆಗುತ್ತೆ ಸಾರ್. ಅಲ್ಲದೆ ಕುವೆಂಪು ಅವರೇ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922, ‘ಬಿಗಿನರ್ಸ್ ಮ್ಯೂಸ್’.”

“ಅದನ್ನ ಬಿಟ್ಟು ನಿಮ್ಮ ಭಾಷೆಯಲ್ಲಿ ಬರೀರಿ ಅಂತ ಐರಿಷ್ ಕವಿ ಕಸಿನ್ಸ್ ಬುದ್ಧಿ ಹೇಳಿದ್ದು ಮರೆತಿರಾ?”

“ಅದನ್ನೂ ಅವರು ಇಂಗ್ಲಿಷಿನಲ್ಲೇ ತಾನೇ ಸಾರ್ ಹೇಳಿದ್ದು?”

ಪಂಡಿತರು ಅವತ್ತು ಎರಡನೇ ಲೋಟ ಕಾಫಿ ಕುಡಿಯದೆ ಎದ್ದುಹೋದರು.

ಕ್ಲಸ್ಟರ್ ಮಟ್ಟದ ಸ್ಪರ್ಧೆಯ ದಿನ ಶಾಮಿಯಾನ, ಕೀರಲು ಮೈಕು, ಪಕ್ಕದ ಶಾಲೆಯಿಂದ ಬಂದ ಮೂವರು ತೀರ್ಪುಗಾರರು. ಅವರಲ್ಲಿ ಒಬ್ಬರು ಲೆಕ್ಕದ ಮೇಷ್ಟ್ರು, ಒಬ್ಬರು ಪಿ.ಟಿ. ಮೇಷ್ಟ್ರು, ಮೂರನೆಯವರು ನಿಜವಾಗಿ ಇಂಗ್ಲಿಷಿನವರು, ಆದರೆ ಅವರ ಫೋನು ಬಿಡುತ್ತಿರಲಿಲ್ಲ. ಹುಡುಗ “ರೆಸ್ಪೆಕ್ಟೆಡ್ ಜಡ್ಜಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್” ಎಂಬುದನ್ನು ಒಂದೇ ಉಸಿರಿಗೆ ಮುಗಿಸಿದ. ಮೇಷ್ಟ್ರ ಲೆಕ್ಕದಲ್ಲಿ ಅರ್ಧ ಅಂಕ ಅಲ್ಲಿಗೇ ಬಂತು. ಮೂರನೇ ಸಾಲಿನಲ್ಲಿ ಕೂತು ಅವರೂ ತುಟಿ ಆಡಿಸುತ್ತಿದ್ದರು. ಮೋಡ ಬಂತು, ಹುಚ್ಚೆಳ್ಳು ಬಂತು, ಎರಡನೇ ಚರಣವೂ ದಾಟಿತು. ಮೂರನೆಯದರಲ್ಲಿ ಹುಡುಗ ನಿಂತ. ಮೇಷ್ಟ್ರ ತುಟಿ ದೊಡ್ಡದಾಯಿತು. ಹುಡುಗನಿಗೆ ಅದು ಕಾಣಲಿಲ್ಲ. ಬಾಯಿ ಸುಮ್ಮನಿರಬಾರದು ಎನ್ನುವುದು ಸಂತೆಯಲ್ಲಿ ಕಲಿತ ವಿದ್ಯೆ. ಅವನಿಗೆ ಬಾಯಿಪಾಠವಾಗಿದ್ದ ಇನ್ನೊಂದೇ ಇಂಗ್ಲಿಷು ಹೊರಗೆ ಬಂತು:

“ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಐ ಆಮ್ ಅನೇಬಲ್ ಟು ಅಟೆಂಡ್ ದ ಕ್ಲಾಸ್…”

ಅದೇ ರಾಗ, ಅದೇ ಏರಿಳಿತ. ಜ್ವರ ಎನ್ನುವಾಗ ಹಣೆಗೆ ಕೈ ಇಟ್ಟು ಅವನು ಕಣ್ಣು ಮುಚ್ಚಿದ್ದಂತೂ ಯಾರೂ ಹೇಳಿಕೊಡದ ಆಕ್ಷನ್ನು. “ಥ್ಯಾಂಕಿಂಗ್ ಯೂ, ಯುವರ್ಸ್ ಒಬೀಡಿಯೆಂಟ್ಲಿ” ಎಂದು ಕೈಮುಗಿದಾಗ ಶಾಮಿಯಾನ ಅದುರುವಂಥ ಚಪ್ಪಾಳೆ. ಬಿಸಿಯೂಟದ ಅಕ್ಕನವರು ಸೌಟು ಹಿಡಿದೇ ಬಂದು ನೋಡಿದರು. ಲೆಕ್ಕದ ಮೇಷ್ಟ್ರು ಪಕ್ಕದವರ ಕಿವಿಯಲ್ಲಿ, “ಕೊನೇ ಚರಣ ಬಹಳ ಫೀಲ್ ಆಗಿ ಹೇಳ್ದ ಕಣ್ರೀ” ಎಂದರು. ಇಂಗ್ಲಿಷಿನವರು ಫೋನು ಕೆಳಗಿಟ್ಟು “ಹೌದು ಹೌದು” ಎಂದರು.

ನಮ್ಮ ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪಂಡಿತರು ಓರೆಗಣ್ಣಿನಲ್ಲಿ ನೋಡಿದಾಗ, “ಮಾಡರ್ನ್ ಪೊಯೆಟ್ರಿ ಸಾರ್” ಎಂದರಂತೆ.

ಹುಡುಗನಿಗೆ ಎರಡನೇ ಬಹುಮಾನ. ತಾಲ್ಲೂಕಿಗೆ ಹೋಗುವುದು ಮೊದಲ ಸ್ಥಾನದವರು ಮಾತ್ರ. ಹಾಗಾಗಿ ಮೇಷ್ಟ್ರ ಛಲ ಹಾಗೇ ಉಳಿದಿದೆ, ಪದ್ಯವೂ ಅದೇ ಉಳಿದಿದೆ. ನಿಮ್ಮ ಕಡೆ ಕಾರಂಜಿ ನಡೆದರೆ ಇಂಗ್ಲಿಷ್ ಕಂಠಪಾಠದ ಹೊತ್ತಿಗೆ ತಪ್ಪದೆ ಹೋಗಿ. ಒಂದು ವೇಳೆ ನಿಮಗೆ ಪದ್ಯ ಪೂರ್ತಿ ಗೊತ್ತಿದ್ದರೆ ದಯವಿಟ್ಟು ಮುಂದಿನ ಸಾಲಿನಲ್ಲಿ ಮಾತ್ರ ಕೂರಬೇಡಿ. ನಿಮ್ಮ ಮುಖ ನೋಡಿದರೆ ಹುಡುಗನಿಗೆ ರಜಾ ಅರ್ಜಿಯೂ ಮರೆತುಹೋದೀತು.