ನೂರು ಎಕ್ಸ್ ಝೂಮಪ್ಪ

ಮನೆಯವರು ಇಟ್ಟ ಹೆಸರು ಏನೇ ಇರಲಿ, ಊರು ಕರೆಯುವುದು ಝೂಮಪ್ಪ ಅಂತ. ಬೆಳಗಾವಿ–ಖಾನಾಪುರ ರಸ್ತೆಯುದ್ದಕ್ಕೂ ಈ ಕುಲದವರಿದ್ದಾರೆ: ಪೀರನವಾಡಿಯಲ್ಲೊಬ್ಬ, ಮಚ್ಛೆಯಲ್ಲೊಬ್ಬ, ಇದಲಹೊಂಡದಲ್ಲೊಬ್ಬ. ನಾನು ಹೇಳಹೊರಟವನು ದೇಸೂರಿನವನು. ಇವನು ಎದುರಿಗೆ ನಿಂತವರ ಮುಖ ನೋಡಿ ಮಾತಾಡುವವನಲ್ಲ. ಅವರ ಹೆಗಲಾಚೆ, ದೂರದಲ್ಲಿ, ಏನಾದರೂ ಹಿಡಿಯಲು ಸಿಕ್ಕೀತೇ ಅಂತ ಕಣ್ಣು ಕಿರಿದು ಮಾಡಿಕೊಂಡಿರುತ್ತಾನೆ.

ಮೊಬೈಲು ಕೊಳ್ಳುವಾಗ ಬ್ಯಾಟರಿ ಕೇಳಲಿಲ್ಲ, ಗ್ಯಾರಂಟಿ ಕೇಳಲಿಲ್ಲ. "ಎಷ್ಟ ಎಕ್ಸ್ ಐತಿ?" ಅಂದ. ಖಡೇಬಜಾರದ ಅಂಗಡಿ ಬಾಗಿಲಲ್ಲಿ ನಿಂತು, ರಸ್ತೆಯಾಚೆಯ ಮಿಠಾಯಿ ಅಂಗಡಿಯ ಕುಂದಾ ಡಬ್ಬಿ ಮೇಲಿನ ದರ ಓದಿದ ಮೇಲೆಯೇ ಕಂತಿನ ಕಾಗದಕ್ಕೆ ಸಹಿ ಹಾಕಿದ್ದು. ಕುಂದಾ ಮಾತ್ರ ಕೊಳ್ಳಲಿಲ್ಲ. ಫೋಟೋ ಬಂತಲ್ಲ, ಸಾಕು.

ಖಾನಾಪುರದ ಒಂದು ಮದುವೆಯಲ್ಲಿ ಫೋಟೋಗ್ರಾಫರನ ಉದ್ದನೆಯ ಲೆನ್ಸು ಇವನ ಕಣ್ಣಿಗೆ ಬಿತ್ತು.

"ಎಷ್ಟ ಎಕ್ಸ್ ಇದು?"

"70-200 ಐತ್ರಿ. ಲೆಕ್ಕ ಹಾಕಿದ್ರ ಮೂರ ಎಕ್ಸೂ ಆಗೂದಿಲ್ಲ."

"ರೊಕ್ಕ?"

"ಲಕ್ಷದ ಮ್ಯಾಲ."

ಝೂಮಪ್ಪನಿಗೆ ನಿಜಕ್ಕೂ ಕನಿಕರವಾಯಿತು. "ಯಾರೋ ನಿಮಗ ಟೊಪಗಿ ಹಾಕ್ಯಾರ. ನನ್ನ ಹತ್ರ ನೂರೈತಿ, ಅದೂ ಕಿಸೇದಾಗ."

ಫೋಟೋಗ್ರಾಫರು ತಾಳ್ಮೆಯ ಹುಡುಗ. ಲೆನ್ಸಿನ ದೊಡ್ಡ ಸಂಖ್ಯೆಯನ್ನು ಸಣ್ಣದರಿಂದ ಭಾಗಿಸಿದರೆ ಬರುವುದೇ ಎಕ್ಸ್, 18-55ರ ಅಗ್ಗದ ಲೆನ್ಸೂ ಮೂರು ಎಕ್ಸೇ, ಆದರೆ 55 ನಿಂತಲ್ಲಿ ನಿಂತೇ ಇರುತ್ತದೆ, 200 ಹಂದರದ ಆಚೆಗೆ ಮುಟ್ಟುತ್ತದೆ, ಹತ್ತಿರ ತರುವುದು ಕೊನೆಯ ಮಿಲಿಮೀಟರೇ ಹೊರತು ಎಕ್ಸ್ ಅಲ್ಲ ಅಂತ ಬಿಡಿಸಿ ಹೇಳಿದ. ಅಷ್ಟು ಹೊತ್ತಿಗೆ ಝೂಮಪ್ಪ ಊಟದ ಮನೆಯ ಮೂಲೆಯಲ್ಲಿದ್ದ ಜಿಲೇಬಿ ತಾಟಿನ ಮೇಲೆ ಗುರಿ ಇಟ್ಟಿದ್ದ.

ಈ ನೂರರ ಹುಚ್ಚು ಹಳೆಯದೇನಲ್ಲ. 2020ರಲ್ಲಿ ಸ್ಯಾಮ್‌ಸಂಗ್ ತನ್ನ ಎಸ್20 ಅಲ್ಟ್ರಾ ಮೇಲೆ ಆ ಅಂಕಿ ಬರೆದಾಗಿನಿಂದ ಕಿಸೆಗೆ ಬಂದದ್ದು. ಅದರಲ್ಲಿ ಗಾಜಿನ ಪಾಲೆಷ್ಟು, ಕತ್ತರಿಯ ಪಾಲೆಷ್ಟು ಅಂತ ಯಾರೂ ಕೇಳುವುದಿಲ್ಲ. ಗಾಜು ಬಿಂಬವನ್ನೇ ಹಿಗ್ಗಿಸಿ ಸೆನ್ಸರಿನ ಮೇಲೆ ಬೀಳಿಸಿದರೆ ಅದು ಆಪ್ಟಿಕಲ್ ಝೂಮ್. ಒಳ್ಳೊಳ್ಳೆಯ ಮೊಬೈಲಿನಲ್ಲೂ ಅದು ಹತ್ತು ಎಕ್ಸಿನ ಸುಮಾರಿಗೆ ಮುಗಿಯುತ್ತದೆ. ಆಮೇಲೆ ನಡುವಿನ ತುಂಡನ್ನಷ್ಟೇ ಕತ್ತರಿಸಿ ಹಿಗ್ಗಿಸುವ ಡಿಜಿಟಲ್ ಝೂಮ್. ಸೆನ್ಸರು 10 ಮೆಗಾಪಿಕ್ಸೆಲ್ಲಿನದು ಅಂತಿಟ್ಟುಕೊಳ್ಳಿ, ಅಂದರೆ ಒಂದು ಕೋಟಿ ಚುಕ್ಕೆ. ಹತ್ತು ಎಕ್ಸನ್ನು ನೂರಕ್ಕೆ ಎಳೆದರೆ ಅಗಲದಲ್ಲಿ ಹತ್ತರಲ್ಲೊಂದು ಪಾಲು, ಎತ್ತರದಲ್ಲಿ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಕೋಟಿ ಹೋಗಿ ಲಕ್ಷ! ಮಿಕ್ಕ ತೊಂಬತ್ತೊಂಬತ್ತು ಲಕ್ಷವನ್ನು ಮೊಬೈಲು, ಅಕ್ಷತೆಯ ಹೊತ್ತಿಗೆ ಇಲ್ಲದವನು ಮದುವೆಯ ವರ್ಣನೆ ಮಾಡಿದ ಹಾಗೆ, ಊಹೆಯಿಂದ ತುಂಬಿಕೊಡುತ್ತದೆ.

ಹುಣ್ಣಿಮೆಗೆ ಝೂಮಪ್ಪ ಚಂದ್ರನ ಕುಳಿಗಳನ್ನು ಹಿಡಿದು ತಂದ. 2023ರಲ್ಲಿ ಯಾರೋ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ಇಂಥದೇ ಮೊಬೈಲಿನಿಂದ ಹೊಡೆದರಂತೆ, ಪರದೆಯಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಮೂಡಿದವಂತೆ, ಎಂದೆ. ಝೂಮಪ್ಪನ ಮುಖ ಅರಳಿತು. "ಇಲ್ಲದ್ದನ್ನೂ ಹಿಡೀತೈತಿ ಅಂದ್ರ ಎಂಥಾ ಕ್ಯಾಮೆರಾ ನೋಡ್ರಿ!"

ಅವನಿಗೆ ನಿಜವಾದ ಸುಗ್ಗಿ ಬಂದದ್ದು 2022ರ ಆಗಸ್ಟಿನಲ್ಲಿ. ಬೆಳಗಾವಿಯ ಗಾಲ್ಫ್ ಮೈದಾನದ ಕಡೆ ಚಿರತೆ ಕಾಣಿಸಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆ ತರಿಸಿ ಹುಡುಕಾಡಿದರಲ್ಲ, ಆಗ. ಗಾಲ್ಫ್ ಮೈದಾನ ಎಲ್ಲಿ, ದೇಸೂರ ಎಲ್ಲಿ? ಆದರೂ ಚಿರತೆ ಇವನಿಗೆ ಮಾಳಿಗೆಯ ಮೇಲಿಂದಲೇ ಸಿಕ್ಕಿತು. ಹಳದಿ ಮೈ, ಮೇಲೆ ಕಪ್ಪು ಕಪ್ಪು ಬೊಟ್ಟು, ಹೊಲದ ಮೂಲೆಯಲ್ಲಿ ಹೊಂಚು ಹಾಕಿದ ಭಂಗಿ. ಫೋಟೋ ಗ್ರೂಪಿಗೆ ಬಿತ್ತು. ವಾಟ್ಸಾಪು ತನ್ನ ಪಾಲಿನದನ್ನೂ ಹಿಂಡಿಕೊಂಡು ಮುಂದಕ್ಕೆ ದಾಟಿಸಿತು. ಜಾಂಬೋಟಿ ಕಡೆಯವರ ಗ್ರೂಪು ಮುಟ್ಟುವಷ್ಟರಲ್ಲಿ ಚಿರತೆ ಮರಿ ಹಾಕಿತ್ತು. ಸಂಜೆ ಹೊಲದವನೇ ಬಂದ.

"ಅದು ನಮ್ಮ ಬಣವಿ ಮಾರಾಯಾ. ಮಳಿಗಂತ ಹಳದಿ ತಾಡಪತ್ರಿ ಹಾಸಿ, ಹಾರಬಾರದಂತ ಟೈರ್ ಇಟ್ಟೇವಿ."

ಝೂಮಪ್ಪ ಫೋಟೋವನ್ನು ಮತ್ತೊಮ್ಮೆ ಬೆರಳಲ್ಲಿ ಅಗಲಿಸಿ ನೋಡಿದ. "ಇರಲಿ ಬಿಡ್ರಿ. ಟೈರಿನ ಕ್ಲಾರಿಟಿ ನೋಡ್ರಿ."

ಹೀಗಾಗಿ ಅವನು ಎಲ್ಲಿಗೂ ಹೋಗುವುದಿಲ್ಲ. ಪಕ್ಕದಲ್ಲೇ ರಾಜಹಂಸಗಡ, ಮೇಲಿನ ತನಕ ಗಾಡಿ ಹೋಗುತ್ತದೆ. ಹೋದ ರವಿವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ತಾನೇ ಸ್ಕೂಟಿ ತೆಗೆದಳು. ಇವನು ಮಾತ್ರ ಹೊಲದ ಬದುವಿನ ಮೇಲೆ ನಿಂತು, "ನೀವು ಹೋಗ್ರಿ, ನಾ ಇಲ್ಲಿಂದ ಹಿಡೀತೇನಿ" ಎಂದ. ಮಟಮಟ ಮಧ್ಯಾಹ್ನ. ಕಾದ ನೆಲದಿಂದೆದ್ದ ಗಾಳಿಗೆ ಕೋಟೆಯ ಗೋಡೆಯೇ ಪರದೆಯಲ್ಲಿ ಅಲುಗಾಡುತ್ತಿತ್ತು. ಇವನು ಉಸಿರು ಬಿಟ್ಟರೆ ಗಡವೇ ಚೌಕಟ್ಟಿನಿಂದ ಜಿಗಿದು ಹೋಗುತ್ತಿತ್ತು. ಉಸಿರು ಕಟ್ಟಿ ಒಂದು ಹೊಡೆದು ಕಳಿಸಿದ. ಕೂಡಲೇ ಫೋನು ಬಂತು.

"ಇದರಾಗ ನಾ ಯಾವಕಿ?"

"ಎಡಕ್ಕ, ಗ್ವಾಡಿ ಮ್ಯಾಲ, ಕೆಂಪಗ ಕಾಣ್ತೈತಿ ನೋಡು."

"ನಾ ಹಸರ ಸೀರಿ ಉಟ್ಟೇನ್ರಿ."

"ಹೌದೇನು? ಹಂಗಾರ ಸ್ವಲ್ಪ ಬಲಕ್ಕ ಸರದು ನಿಂದ್ರು, ಇನ್ನೊಂದು ಹೊಡೀತೇನಿ."

"ಎಲ್ಲಿ ಸರಿಯೂದು? ಇಳದು ಅರ್ಧಾ ತಾಸಾತು. ಯಳ್ಳೂರಾಗ ಚಾ ಕುಡ್ಯಾಕತ್ತೇವಿ."