ಸೌರಮಂಡಲ: ಜೋಡಣೆ ಮತ್ತು ಬಳಕೆಯ ಕೈಪಿಡಿ (ಸೋಲೂರು ಮಾದರಿ)



ನಮ್ಮ ಸೌರಮಂಡಲವನ್ನು ಆರಿಸಿಕೊಂಡದ್ದಕ್ಕೆ ವಂದನೆಗಳು. ಆರಿಸಿಕೊಳ್ಳಲು ನಿಮ್ಮ ಮುಂದೆ ಬೇರೊಂದು ಇರಲಿಲ್ಲ ಎಂಬುದು ನಮಗೂ ಗೊತ್ತು. ಈ ಸಾಮಾನು ತಯಾರಾಗಿ ಸುಮಾರು 460 ಕೋಟಿ ವರ್ಷ ಆಯಿತು. ಅವತ್ತಿನಿಂದ ಒಂದು ದಿನವೂ ನಿಂತಿಲ್ಲ. ಓಡುತ್ತಿರುವ ಯಂತ್ರಕ್ಕೆ ಈಗ ಕೈಪಿಡಿ ಯಾಕೆಂದರೆ, ಶಾಲೆ ಗೋಡೆಯ ಮೇಲಿನ ಚಿತ್ರ ನೋಡಿ ಬಹಳ ಮಂದಿ ಇದನ್ನು ತಪ್ಪಾಗಿ ತಿಳಿದಿದ್ದಾರೆ. ಆ ಚಿತ್ರದಲ್ಲಿ ಗ್ರಹಗಳೆಲ್ಲ ಮದುವೆ ಊಟದ ಮೊದಲ ಪಂಕ್ತಿಯಂತೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತವೆ. ಪೇಂಟರನ ತಪ್ಪೇನಿಲ್ಲ. ಸರಿಯಾದ ಅಳತೆಗೆ ಬರೆಯಲು ಗೋಡೆ ಸಾಲದು, ಊರೇ ಬೇಕು.

ಆದ್ದರಿಂದ ಸೋಲೂರು. ಪೂರ್ವಕ್ಕೆ ನೆಲಮಂಗಲ, ಪಶ್ಚಿಮಕ್ಕೆ ಕುಣಿಗಲ್, ದಕ್ಷಿಣಕ್ಕೆ ಮಾಗಡಿ. ನಡುವೆ ಹೆದ್ದಾರಿ, ಸುತ್ತ ಹೊಲ. ಅಳತೆ ಸುಲಭ: ಆಕಾಶದ 10 ಲಕ್ಷ ಕಿಲೋಮೀಟರಿಗೆ ಸೋಲೂರಿನ ಒಂದು ಮೀಟರ್.

1. ಚೀಲದಲ್ಲಿ ಏನೇನಿದೆ

ಬಿಚ್ಚಿದ ಕೂಡಲೇ ಎಣಿಸಿಕೊಳ್ಳಿ. ಆಮೇಲೆ ಕಡಿಮೆ ಬಂತು ಎಂದರೆ ಕೇಳುವವರಿಲ್ಲ.

ಸೂರ್ಯ: ಎತ್ತಿನ ಗಾಡಿಯ ಚಕ್ರದಷ್ಟು ಅಗಲದ ಗುಂಡು, ಅಡ್ಡಳತೆ 1.4 ಮೀಟರ್.
ಬುಧ: ಒಂದು ಕರಿಮೆಣಸು, 5 ಮಿಲಿಮೀಟರ್.
ಶುಕ್ರ: ಒಂದು ಹಸಿ ಅವರೆಕಾಳು, 12 ಮಿಲಿಮೀಟರ್.
ಭೂಮಿ: ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ ಇನ್ನೊಂದು ಅವರೆಕಾಳು. ಮಾಗಡಿ ಸೀಮೆಯ ಸೊಗಡಿನದಾದರೆ ಉತ್ತಮ.
ಚಂದ್ರ: ಒಂದು ಕೊತ್ತಂಬರಿ ಬೀಜ.
ಮಂಗಳ: ಒಂದು ಒಣ ಬಟಾಣಿ.
ಗುರು: ಹೊಲದ ಕೆಲಸ ಮುಗಿಸಿ ಬಂದವನಿಗೆ ಇಕ್ಕುವ ಗಾತ್ರದ ರಾಗಿ ಮುದ್ದೆ, 14 ಸೆಂಟಿಮೀಟರ್.
ಶನಿ: ಅದಕ್ಕಿಂತ ತುಸು ಚಿಕ್ಕ ಮುದ್ದೆ, ಮೇಲೆ ಕೆಳಗೆ ಅಂಗೈಯಿಂದ ಸ್ವಲ್ಪ ಒತ್ತಿದ್ದು. ಜೊತೆಗೆ 28 ಸೆಂಟಿಮೀಟರ್ ಅಗಲದ ಉಂಗುರ.
ಯುರೇನಸ್, ನೆಪ್ಚೂನ್: ಎರಡು ನಿಂಬೆಹಣ್ಣು.

ಶನಿಯ ಉಂಗುರಕ್ಕೆ ಮುತ್ತುಗದ ಎಲೆ ಕತ್ತರಿಸಿಟ್ಟರೆ ಅಗಲ ಸರಿಹೋಗುತ್ತದೆ, ದಪ್ಪ ಸರಿಹೋಗುವುದಿಲ್ಲ. ನಿಜವಾದ ಉಂಗುರದ ದಪ್ಪ ಬಹುಪಾಲು ಕಡೆ ಹತ್ತಾರು ಮೀಟರ್ ಅಷ್ಟೇ. ನಮ್ಮ ಅಳತೆಗೆ ಅಷ್ಟು ತೆಳುವಾದ ಎಲೆ ಬಿಡುವ ಮರವಿಲ್ಲ. ತಿನ್ನುವ ಪದಾರ್ಥದಲ್ಲಿ ಗ್ರಹ ಮಾಡುವುದು ಹಿಡಿಸದವರು ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಗುಂಡುಗಳನ್ನು ಮಾಡಿಸಿಕೊಳ್ಳಬಹುದು. ನಮ್ಮ ಅಭ್ಯಂತರವಿಲ್ಲ.

ಸೂಚನೆ: ದೇವಸ್ಥಾನದಲ್ಲಿ ಒಂಬತ್ತು ಗ್ರಹ ಇವೆ, ಇಲ್ಲಿ ಎಂಟೇ ಎಂದು ದೂರು ಕೊಡಬೇಡಿ. ಎರಡೂ ಪಟ್ಟಿ ಬೇರೆ ಬೇರೆ. ನವಗ್ರಹದಲ್ಲಿ ಸೂರ್ಯ, ಚಂದ್ರರಿದ್ದಾರೆ, ನಾವು ನಿಂತಿರುವ ಭೂಮಿಯೇ ಇಲ್ಲ. ರಾಹು ಕೇತುಗಳು ವಸ್ತುಗಳಲ್ಲ. ಚಂದ್ರನ ದಾರಿಯೂ ಸೂರ್ಯನ ದಾರಿಯೂ ಆಕಾಶದಲ್ಲಿ ಅಡ್ಡಹಾಯುವ ಎರಡು ಜಾಗಗಳು. ಗ್ರಹಣಗಳು ಆಗುವುದು ಆ ಎರಡು ಜಾಗಗಳ ಹತ್ತಿರದಲ್ಲೇ, ಹಾಗಾಗಿ ಹೆಸರಿಟ್ಟವರ ಲೆಕ್ಕ ಪಕ್ಕಾ ಇತ್ತು. ಯುರೇನಸ್ ಸಿಕ್ಕಿದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ. ಅಷ್ಟು ಹೊತ್ತಿಗೆ ಗುಡಿಯ ಕಲ್ಲುಗಳಲ್ಲಿ ಜಾಗ ತುಂಬಿಹೋಗಿತ್ತು. ನವಣೆ ಕಾಳಿನಷ್ಟಿರುವ ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಟ್ಟಿಯಿಂದ ತೆಗೆಯಲಾಗಿದೆ. ಕಾಳು ಚೀಲದ ಮೂಲೆಯಲ್ಲೇ ಇದೆ, ಎಸೆದಿಲ್ಲ.

2. ಎಚ್ಚರಿಕೆ

ಗಾಡಿ ಚಕ್ರವನ್ನು ಎಷ್ಟು ಹೊತ್ತು ಬೇಕಾದರೂ ನೋಡಿ. ನಿಜವಾದ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬೇಡಿ. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು ರಕ್ಷಣೆಯಲ್ಲ. ಕಣ್ಣಿಗೆ ಬಿಡಿಭಾಗ ಸಿಗುವುದಿಲ್ಲ.

3. ಜೋಡಿಸುವ ಕ್ರಮ

ಸೂರ್ಯನನ್ನು ಸೋಲೂರು ಬಸ್ ಸ್ಟ್ಯಾಂಡಿನ ಬಳಿ ನಿಲ್ಲಿಸಿ. ಅಲ್ಲಿಂದ ಹೆಜ್ಜೆ ಹಾಕಿ.

58 ಮೀಟರ್ ನಡೆದು ಮೆಣಸು ಇಡಿ. 108ಕ್ಕೆ ಮೊದಲ ಅವರೆಕಾಳು. 150ಕ್ಕೆ ಎರಡನೆಯದು. ಇಲ್ಲಿ ನಿಂತು ಹಿಂತಿರುಗಿ ನೋಡಿ: ಚಕ್ರ ಕಾಣುವ ಗಾತ್ರಕ್ಕೂ ಆಕಾಶದಲ್ಲಿ ಸೂರ್ಯ ಕಾಣುವ ಗಾತ್ರಕ್ಕೂ ವ್ಯತ್ಯಾಸವಿಲ್ಲದಿದ್ದರೆ ಜೋಡಣೆ ಸರಿಯಾಗಿದೆ. ಅವರೆಕಾಳಿನಿಂದ 38 ಸೆಂಟಿಮೀಟರ್ ದೂರಕ್ಕೆ, ಅಂದರೆ ಒಂದು ಗೇಣು ಮೇಲೆ ಇನ್ನೊಂದು ಗೇಣಿನಷ್ಟಕ್ಕೆ, ಕೊತ್ತಂಬರಿ ಬೀಜ ಇಡಿ. ಮನುಷ್ಯ ಇದುವರೆಗೆ ಕಾಲಿಟ್ಟ ಅತಿ ದೂರದ ಜಾಗ ಇದೇ. 228 ಮೀಟರಿಗೆ ಬಟಾಣಿ.

ಇಲ್ಲಿಂದ ಮುಂದೆ ನೀರಿನ ಬಾಟಲಿ ಜೊತೆಗಿರಲಿ. ಗುರುವಿನ ಮುದ್ದೆಗೆ 778 ಮೀಟರ್. ದಾರಿಯಲ್ಲಿ ಕ್ಷುದ್ರಗ್ರಹಗಳ ಪಟ್ಟಿ ಸಿಗುತ್ತದೆ, ತಲೆಗೆ ಬಡಿಯುವ ಭಯ ಬೇಡ. ಅವನ್ನೆಲ್ಲ ಗುಡಿಸಿ ಒಟ್ಟು ಮಾಡಿದರೂ ಕೊತ್ತಂಬರಿ ಬೀಜದ ತೂಕದಲ್ಲಿ ನೂರಕ್ಕೆ ಐದು ಪಾಲೂ ಆಗುವುದಿಲ್ಲ. ಶನಿಗೆ ಸುಮಾರು 1.4 ಕಿಲೋಮೀಟರ್. ಮೊದಲ ನಿಂಬೆಹಣ್ಣಿಗೆ 2.9. ಅದನ್ನು ಮಗ್ಗುಲಾಗಿ ಮಲಗಿಸಿ, ಯುರೇನಸ್ ಉರುಳಿಕೊಂಡೇ ಹೋಗುವ ಗ್ರಹ. ಎರಡನೆಯ ನಿಂಬೆಹಣ್ಣಿಗೆ ನಾಲ್ಕೂವರೆ ಕಿಲೋಮೀಟರ್.

ಜೋಡಣೆ ಮುಗಿಯಿತು. ಈಗ ಲೆಕ್ಕ ನೋಡಿ. ಸೋಲೂರಿನ ಸುತ್ತ ನಾಲ್ಕೂವರೆ ಕಿಲೋಮೀಟರ್ ವರ್ತುಲದಲ್ಲಿ ಇರುವುದು ಒಂದು ಚಕ್ರ, ಎರಡು ಮುದ್ದೆ, ಎರಡು ನಿಂಬೆಹಣ್ಣು, ನಾಲ್ಕು ಕಾಳು, ಒಂದು ಕೊತ್ತಂಬರಿ ಬೀಜ, ಒಂದಿಷ್ಟು ಪುಡಿ. ಮಿಕ್ಕಿದ್ದೆಲ್ಲ ಬಯಲು. ಪಾಲಿನ ವಿಚಾರವೂ ಹಾಗೆಯೇ. ಸೌರಮಂಡಲದ ತೂಕ ಸಾವಿರ ಸೇರು ರಾಗಿ ಎಂದುಕೊಂಡರೆ ಸೂರ್ಯನ ಕಣಜಕ್ಕೆ 998 ಸೇರಿಗೂ ಹೆಚ್ಚು. ಉಳಿದ ಒಂದೂವರೆ ಸೇರಿನಲ್ಲಿ ಹತ್ತಿರ ಹತ್ತಿರ ಒಂದು ಸೇರನ್ನು ಗುರು ಎತ್ತಿಕೊಂಡಿದ್ದಾನೆ. ನಮ್ಮ ಪಾಲಿಗೆ ಬಂದದ್ದು ಒಂದು ಚಿಟಿಕೆ.

4. ನಡೆಸುವ ಕ್ರಮ

ಭೂಮಿಯ ಅವರೆಕಾಳನ್ನು ದಿನಕ್ಕೆ ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಮುಂದಕ್ಕೆ ಸರಿಸಿ. ಬಸ್ ಸ್ಟ್ಯಾಂಡನ್ನು ಒಂದು ಸುತ್ತು ಹಾಕಲು 942 ಮೀಟರ್, ಅದೇ ವರ್ಷ. ಈ ದಾರಿಗೆ 27 ಗೂಟ ಹೊಡೆಯಿರಿ. ಗೂಟದಿಂದ ಗೂಟಕ್ಕೆ 35 ಮೀಟರ್, ದಾಟಲು ಹದಿಮೂರೂವರೆ ದಿನ. ಈ ಲೆಕ್ಕ ರೈತರಿಗೆ ಹೊಸದಲ್ಲ. ಭರಣಿ ಮಳೆ, ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಹೆಸರಿಟ್ಟು ರಾಗಿ ಬಿತ್ತನೆಗೆ ಹದ ನೋಡಿದ್ದು ಇದೇ ಗೂಟಗಳಿಂದ. ನಾವು ಸರಿದಂತೆಲ್ಲ ಸೂರ್ಯ ಬೇರೆ ಬೇರೆ ನಕ್ಷತ್ರಗಳ ಎದುರಿಗೆ ನಿಂತ ಹಾಗೆ ಕಾಣುತ್ತಾನೆ, ಮಳೆಗೆ ಆ ನಕ್ಷತ್ರದ ಹೆಸರು. ಖಗೋಳ ಗೊತ್ತಿಲ್ಲ ಎನ್ನುವ ಅಜ್ಜನಿಗೆ ಭೂಮಿ ಯಾವ ಗೂಟದ ಬಳಿ ಇದೆ ಎಂಬುದು ಬಾಯಿಪಾಠ.

ಮೆಣಸಿನ ಕಾಳು 88 ದಿನಕ್ಕೆ ಒಂದು ಸುತ್ತು ಬರಬೇಕು, ಅದಕ್ಕೆ ಚುರುಕು ಹುಡುಗನನ್ನು ಹಾಕಿ. ನೆಪ್ಚೂನಿಗೆ 165 ವರ್ಷ. ಪತ್ತೆಯಾದ ಮೇಲೆ ಅದು ಮೊದಲ ಸುತ್ತು ಮುಗಿಸಿದ್ದೇ 2011ರಲ್ಲಿ. ಆ ನಿಂಬೆಹಣ್ಣು ಕಾಯುವ ಕೆಲಸವನ್ನು ವಂಶಪಾರಂಪರ್ಯವಾಗಿ ಕೊಡುವುದು ಲೇಸು.

ಬೆಳಕನ್ನೂ ನೀವೇ ನಡೆಸಬೇಕು. ಸೆಕೆಂಡಿಗೆ 30 ಸೆಂಟಿಮೀಟರ್, ಅದಕ್ಕಿಂತ ಜೋರು ಬೇಡ. ಸಂಜೆ ಹೊಲದಿಂದ ಮನೆಗೆ ಬರುವ ದಣಿದ ಎತ್ತು ಇದನ್ನು ಹಿಂದೆ ಹಾಕುತ್ತದೆ. ಜಗತ್ತಿನಲ್ಲಿ ಇದಕ್ಕಿಂತ ವೇಗವಾಗಿ ಯಾವುದೂ ಹೋಗಲಾರದು ಎಂಬ ಬೆಳಕಿನ ನಡಿಗೆ ಇಷ್ಟು. ಚಕ್ರದಿಂದ ಅವರೆಕಾಳಿಗೆ 8 ನಿಮಿಷ 20 ಸೆಕೆಂಡ್. ನೆಪ್ಚೂನಿಗೆ ನಾಲ್ಕು ಗಂಟೆ ಮೀರುತ್ತದೆ.

5. ತಪಾಸಣೆ

ಯಂತ್ರ ಸರಿಯಿದೆಯೇ ಎಂದು ವರ್ಷಕ್ಕೆರಡು ಸಲ ಅಂಗಳದಲ್ಲೇ ನೋಡಬಹುದು. ಏಪ್ರಿಲ್ 24, 25ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ ಒಂದು ಒನಕೆಯನ್ನು ನೆಟ್ಟಗೆ ನಿಲ್ಲಿಸಿ. ನೆರಳು ಬುಡದಲ್ಲೇ ಅಡಗಬೇಕು. ಸೋಲೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದೆ. ಆ ದಿನಗಳಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ದೆಹಲಿಯವರಿಗೆ ಈ ಸೌಲಭ್ಯ ವರ್ಷದಲ್ಲಿ ಒಂದು ದಿನವೂ ಇಲ್ಲ.

6. ದೂರು ಮತ್ತು ಪರಿಹಾರ

ದೂರು: "ಗ್ರಹಣದ ದಿನ ನೀರಿನ ತಟ್ಟೇಲಿ ಒನಕೆ ತಾನಾಗೇ ನಿಂತ್ಕೊಂಡ್ತು ಸ್ವಾಮಿ!"
ಪರಿಹಾರ: ತಳ ಸಪಾಟಾಗಿರುವ ಒನಕೆ ಮಾಮೂಲಿ ಮಂಗಳವಾರವೂ ನಿಲ್ಲುತ್ತದೆ. ಆವತ್ತು ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೆ.

ದೂರು: "ಜನವರೀಲಿ ಭೂಮಿ ಸೂರ್ಯನ ಹತ್ರ ಇರುತ್ತೆ ಅಂತೀರಿ. ಅವಾಗ್ಲೇ ಯಾಕೆ ಇಷ್ಟು ಚಳಿ?"
ಪರಿಹಾರ: ಹತ್ತಿರ ಎಂದರೆ 147 ಮೀಟರ್, ಜುಲೈನಲ್ಲಿ 152. ಆ ಐದು ಮೀಟರಿನಿಂದ ಋತು ಆಗುವುದಿಲ್ಲ. ಅವರೆಕಾಳನ್ನು ಇಡುವಾಗ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿ ಇಟ್ಟಿದ್ದೇವೆ. ಜನವರಿಯಲ್ಲಿ ನಮ್ಮ ಮಗ್ಗುಲು ಸೂರ್ಯನಿಂದ ಆಚೆಗೆ ಬಾಗಿರುತ್ತದೆ. ಆ ಓರೆಯಿಂದಲೇ ಚಳಿ, ಮಂಜು, ನಿಮ್ಮ ಅವರೆಕಾಯಿಯ ಸೊಗಡು. ನೆಟ್ಟಗೆ ಮಾಡಿ ಎಂದು ಕೇಳುವ ಮುಂಚೆ ಯೋಚಿಸಿ.

ದೂರು: "ಮಂಗಳ ವಕ್ರ ಆಗಿದಾನಂತೆ, ಹಿಂದಕ್ಕೆ ಹೋಗ್ತಿದಾನಂತೆ."
ಪರಿಹಾರ: ಕುಣಿಗಲ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೊಳ್ಳಿ. ಹೆದ್ದಾರಿಯಲ್ಲಿ ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ ದೂರದ ಮರಗಳ ಎದುರಿಗೆ ಟ್ರ್ಯಾಕ್ಟರು ಹಿಂದಕ್ಕೆ ಸರಿದ ಹಾಗೆ ಕಾಣುತ್ತದೆ. ಡ್ರೈವರ್ ರಿವರ್ಸ್ ಗೇರ್ ಹಾಕಿಲ್ಲ. ಒಳಸುತ್ತಿನ ನಾವು ಹೊರಸುತ್ತಿನ ಮಂಗಳನನ್ನು ದಾಟುತ್ತಿದ್ದೇವೆ.

ದೂರು: "ನಂಗೆ ಸಾಡೇಸಾತಿ ನಡೀತಿದೆ. ಶನಿ ಏಳೂವರೆ ವರ್ಷ ಬಿಡಲ್ವಂತೆ."
ಪರಿಹಾರ: ಶನಿ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುತ್ತಾನೆ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಹತ್ತಿರ ಹತ್ತಿರ ಎರಡೂವರೆ, ಮೂರು ರಾಶಿ ದಾಟಲು ಏಳೂವರೆ. ಲೆಕ್ಕ ಅವನದು, ಕಷ್ಟಗಳು ನಿಮ್ಮವು. ನಮ್ಮ ಅವರೆಕಾಳಿಗೆ ಅತಿ ಹತ್ತಿರ ಬಂದಾಗಲೂ ಸುಮಾರು ಒಂದೂಕಾಲು ಕಿಲೋಮೀಟರ್ ಆಚೆ ಇರುವ ಮುದ್ದೆಗೆ ನಿಮ್ಮ ಸೊಸೈಟಿ ಸಾಲದ ಸುದ್ದಿ ತಲುಪಿಲ್ಲ.

7. ಸಂಪರ್ಕ ಕೇಂದ್ರ

ನಮ್ಮ ಕಡೆಯ ಸಂಪರ್ಕ ಕೇಂದ್ರ ಬಹಳ ದೂರವಿಲ್ಲ. ಬೆಂಗಳೂರಿನ ಪಶ್ಚಿಮಕ್ಕಿರುವ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ 2008ರಿಂದ ಆಕಾಶಕ್ಕೆ ಕಿವಿಗೊಟ್ಟು ನಿಂತಿದೆ. ಮೊದಲ ಚಂದ್ರಯಾನಕ್ಕಾಗಿ ಕಟ್ಟಿದ್ದು, ಆಮೇಲೆ ಮಂಗಳಯಾನದ ಮಾತನ್ನೂ ಕೇಳಿತು. ಚಂದ್ರಯಾನ-3 ನಮ್ಮ ಅಳತೆಯ ಎರಡು ಗೇಣು ದಾಟಲು 40 ದಿನ ತೆಗೆದುಕೊಂಡು 2023ರ ಆಗಸ್ಟ್ 23ರಂದು ಕೊತ್ತಂಬರಿ ಬೀಜದ ಮೇಲೆ ಇಳಿಯಿತು. ಸೂರ್ಯನನ್ನು ನೋಡಲು ಹೋದ ಆದಿತ್ಯ-ಎಲ್1 ಅವರೆಕಾಳಿನಿಂದ ಸೂರ್ಯನ ಕಡೆಗೆ ಒಂದೂವರೆ ಮೀಟರ್ ಹೋಗಿ ನಿಂತಿದೆ. ಬಾಕಿ 148 ಮೀಟರ್ ಹಾಗೇ ಇದೆ. 1977ರಲ್ಲಿ ಹೊರಟ ಅಮೆರಿಕದ ವಾಯೇಜರ್-1 ದಿನಕ್ಕೆ ಒಂದೂವರೆ ಮೀಟರಿನಂತೆ ನಡೆದು ಸೋಲೂರಿನಿಂದ ಸುಮಾರು 25 ಕಿಲೋಮೀಟರ್ ತಲುಪಿದೆ, ಹೆಚ್ಚುಕಡಿಮೆ ಕುಣಿಗಲ್‌ನಷ್ಟು ದೂರ. ಮನುಷ್ಯ ಮಾಡಿದ ಯಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ.

8. ಗ್ಯಾರಂಟಿ

ಸೂರ್ಯನಿಗೆ ಇನ್ನೂ 500 ಕೋಟಿ ವರ್ಷದಷ್ಟು ಇಂಧನವಿದೆ. ಭೂಮಿಯ ಅವರೆಕಾಳಿಗೆ ಮಾತ್ರ ಬಳಕೆಯಿಂದಾದ ಹಾನಿ ನಮ್ಮ ಹೊಣೆಯಲ್ಲ. ಜೀವ ಇರುವುದು ಖಚಿತವಾಗಿರುವುದು ಅದೊಂದರಲ್ಲೇ, ಬದಲಿ ಕಾಳು ಕೊಡುವುದಿಲ್ಲ. ಗಾತ್ರದಲ್ಲಿ ಅವಳಿಯಂತಿರುವ ಶುಕ್ರನನ್ನು ಕೊಡಿ ಎಂದು ಕೇಳಬೇಡಿ. ಅಲ್ಲಿನ ನೆಲದ ಬಿಸಿ 460 ಡಿಗ್ರಿ, ಸೀಸ ಇಟ್ಟರೆ ಕರಗುತ್ತದೆ.

9. ವಿಸ್ತರಣೆ

ಒಂದು ಸೌರಮಂಡಲ ಸಾಲದು, ಪಕ್ಕದ ನಕ್ಷತ್ರವನ್ನೂ ಜೋಡಿಸುತ್ತೇವೆ ಎನ್ನುವವರಿಗೆ ಕೊನೆಯ ಸೂಚನೆ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಡ್ಡಳತೆ ಹೆಚ್ಚುಕಡಿಮೆ ಒಂದು ಗೇಣು. ಇಡಬೇಕಾದ ಜಾಗಕ್ಕೆ ಬಸ್ ಸ್ಟ್ಯಾಂಡಿನಿಂದ 40,000 ಕಿಲೋಮೀಟರ್. ಅದನ್ನು ಹಿಡಿದು ನೆಲಮಂಗಲದ ಕಡೆ ಹೊರಡಿ, ತಿರುಗದೆ ಮೂಗಿನ ನೇರಕ್ಕೇ ಹೋಗಿ. ಸಮುದ್ರಗಳನ್ನೆಲ್ಲ ದಾಟಿ, ಭೂಮಿಯನ್ನು ಪೂರ್ತಿ ಒಂದು ಸುತ್ತು ಹಾಕಿ, ಕುಣಿಗಲ್ ಕಡೆಯಿಂದ ಬಂದು ಇಳಿಯಿರಿ. ಇಳಿದ ಜಾಗ ಸೋಲೂರು.